ಎರಡನೆಯ ಕೂಗು

ಹೋದ ಆಯುಧಪೂಜೆಗೆ ತಂಗಿಯ ಮೊಮ್ಮಗಳು ಶಾಲಿನಿ ನನ್ನನ್ನು ದೊಡ್ಡಬಳ್ಳಾಪುರಕ್ಕೆ ಕರೆದುಕೊಂಡು ಹೋದಳು. ಅಲ್ಲಿನ ಒಂದು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಅವಳು ಸೂಪರ್‌ವೈಸರ್. "ನೀವು ಚಿಕ್ಕವರಿದ್ದಾಗ ಅಲ್ಲೇ ಇದ್ರಂತಲ್ಲ ಅಜ್ಜಿ, ಬನ್ನಿ, ಒಂದು ರೌಂಡ್ ನೋಡ್ಕೊಂಡು ಬರೋಣ" ಅಂದಳು. ಈ ವಯಸ್ಸಿನಲ್ಲಿ ಯಾರಾದರೂ ಬನ್ನಿ ಅಂದರೆ ಹೋಗುವುದೇ ಸುಲಭ, ಬರುವುದಿಲ್ಲ ಎನ್ನಲು ಹೆಚ್ಚು ಶಕ್ತಿ ಬೇಕು. ಹೋದೆ. ದಾರಿಯುದ್ದಕ್ಕೂ ಶೆಡ್ಡುಗಳು, ಲಾರಿಗಳು, ಬಾಡಿಗೆಗಿದೆ ಎಂಬ ಬೋರ್ಡುಗಳು. ನನಗೆ ಗೊತ್ತಿದ್ದ ಒಂದು ಮರವೂ ಸಿಗಲಿಲ್ಲ. ಸಿಗಬೇಕೆಂದು ಹುಡುಕಲೂ ಇಲ್ಲ, ದಟ್ ಈಸ್ ದಿ ಟ್ರೂತ್.

ಫ್ಯಾಕ್ಟರಿ ಗೇಟಿನ ಹತ್ತಿರ ಕಾರಿನಿಂದ ಇಳಿದೆ. ಅಲ್ಲಿ ಒಬ್ಬ ಹೆಂಗಸು ತಳ್ಳುಗಾಡಿಯಲ್ಲಿ ರಾಗಿ ಅಂಬಲಿ ಮಾರುತ್ತಿದ್ದಳು. ಪಾತ್ರೆಯ ಮುಚ್ಚಳ ತೆಗೆದಳು ನೋಡಿ, ಬೇಯಿಸಿ ಒಂದು ದಿನ ಹುಳಿಬರಿಸಿದ ರಾಗಿಯ ವಾಸನೆ ಮೂಗಿಗೆ ಬಡಿಯಿತು. ನಾನು ಕಾರಿನ ಬಾಗಿಲು ಹಿಡಿದು ನಿಂತುಬಿಟ್ಟೆ.

"ಅಜ್ಜಿ, ಬಿಪಿ ಮಾತ್ರೆ ತಗೊಂಡ್ರಾ?" ಶಾಲಿನಿಗೆ ಗಾಬರಿ.

ಬಿಪಿಯಲ್ಲ. ಅದು ಕುಡಿಯುವ ಅಂಬಲಿಯ ವಾಸನೆಯಾಗಿರಲಿಲ್ಲ ನನ್ನ ಪಾಲಿಗೆ. ನೂಲಿಗೆ ಹಾಕುವ ಗಂಜಿಯ ವಾಸನೆ. ಅರವತ್ತು ಎಪ್ಪತ್ತು ವರ್ಷ ನನ್ನೊಳಗೆ ಎಲ್ಲಿ ಅಡಗಿ ಕೂತಿತ್ತೋ.

ಎರಡನೆಯ ಮಹಾಯುದ್ಧದ ನಡುವಿನ ವರ್ಷ. ನಾನು ಆಗ ಬೆಂಗಳೂರು ದಂಡಿನ ಒಂದು ಕಾನ್ವೆಂಟಿನಲ್ಲಿ ಬೋರ್ಡರ್ ಆಗಿದ್ದೆ. ನಮ್ಮ ಹಾಸ್ಟೆಲ್ ಕಟ್ಟಡವನ್ನು ಗಾಯಗೊಂಡ ಸಿಪಾಯಿಗಳ ಆಸ್ಪತ್ರೆಗೆಂದು ತೆಗೆದುಕೊಂಡರು. ಸಿಸ್ಟರುಗಳು ನಮ್ಮನ್ನೆಲ್ಲ ಟ್ರಂಕು ಸಮೇತ ಮನೆಗಳಿಗೆ ಕಳಿಸಿದರು. "ಓನ್ಲಿ ಫಾರ್ ಎ ಫ್ಯೂ ಮಂತ್ಸ್, ಲಿಲಿ, ಕೀಪ್ ಅಪ್ ಯುವರ್ ಸ್ಟಡೀಸ್" ಎಂದರು. ನನ್ನ ಹೆಸರು ಲೀಲಾವತಿ, ಅವರ ಬಾಯಲ್ಲಿ ಲಿಲಿ. ಹದಿನೈದು ತುಂಬಿತ್ತು. ಮುಂದಿನ ವರ್ಷ ಪಬ್ಲಿಕ್ ಪರೀಕ್ಷೆ.

ಮನೆ ಅಂದರೆ ಆಗ ದೊಡ್ಡಬಳ್ಳಾಪುರದ ಆಚೆ ಹೊಸದಾಗಿ ಎದ್ದಿದ್ದ ಮಿಲ್ಲಿನ ಕ್ವಾರ್ಟರ್ಸು. ಅಪ್ಪ ಆ ಮಿಲ್ಲಿನ ಟೈಮ್‌ಕೀಪರ್. ಅಲ್ಲಿ ನೇಯುತ್ತಿದ್ದ ರೇಷ್ಮೆ ಪ್ಯಾರಾಚೂಟಿಗೆ ಹೋಗುತ್ತದೆ ಎಂದು ಜನ ಹೇಳುತ್ತಿದ್ದರು. ಅಪ್ಪನನ್ನು ಕೇಳಿದರೆ, "ಬಟ್ಟೆ ಕಣೇ, ಬಟ್ಟೆ" ಎನ್ನುತ್ತಿದ್ದರು, ಅಷ್ಟೇ.

ನಾನು ಟ್ರಂಕಿನೊಂದಿಗೆ ಇಳಿದಾಗ ಇದ್ದದ್ದು ಒಂದೇ ಶೆಡ್ಡು, ಒಂದು ಹೊಗೆ ಕೊಳವೆ, ಒಂದು ಗೇಟು, ಗೇಟಿಗೆ ಅಂಟಿಕೊಂಡ ನಮ್ಮ ಮನೆ. ಸುತ್ತ ಕೊಯ್ಲಿಗೆ ಬಂದ ರಾಗಿ ಹೊಲ. ನಾನು ವಾಪಸ್ಸು ಹೋಗುವ ಹೊತ್ತಿಗೆ ಅಲ್ಲಿ ಮೂರು ಶೆಡ್ಡು, ಕೂಲಿಕಾರರ ಎರಡು ಸಾಲು ಮನೆ, ತಗಡಿನ ಒಂದು ಹೋಟೆಲು, ಸೋಡಾ ಅಂಗಡಿ, ಸೈಕಲ್ ರಿಪೇರಿಯವನು, ಮರದಡಿ ಕನ್ನಡಿ ನೇತುಹಾಕಿದ ಒಬ್ಬ ಕ್ಷೌರಿಕ. ಎಲ್ಲ ಎಂಟು ತಿಂಗಳಲ್ಲಿ. ದಂಡಿನ ಕಡೆಯಿಂದ ತಮಿಳು ಮಾತಾಡುವ ಫಿಟ್ಟರುಗಳು ಬಂದರು, ಹಿಂದೂಪುರದ ಕಡೆಯಿಂದ ತೆಲುಗಿನವರು. ತೂಬಗೆರೆ, ದೊಡ್ಡಬೆಳವಂಗಲದ ಹೊಲದವರು ಸುಗ್ಗಿ ಮುಗಿಸಿ ಬಂದರು. ಮಳೆ ಬಿದ್ದ ಕೂಡಲೇ ಹೊರಟುಬಿಡ್ತೀವಿ ಎನ್ನುತ್ತಲೇ ಬಂದವರು ಅವರು. ಮಳೆ ಬಿತ್ತು. ಅರ್ಧ ಜನ ಹೋಗಲಿಲ್ಲ. "ಓಗ್ತೀನಿ ಬುಡವ್ವ, ಈ ವಾರ ಕಳೀಲಿ" ಎಂದು ನಮ್ಮ ಹಿತ್ತಲಿನಲ್ಲಿ ನೀರು ಕೇಳಲು ಬರುತ್ತಿದ್ದ ಒಬ್ಬಾಕೆ ಅಮ್ಮನಿಗೆ ಪ್ರತಿ ವಾರವೂ ಹೇಳುತ್ತಿದ್ದಳು.

ಊರು ಬೆಳೆಯುವುದನ್ನು ಕಣ್ಣಾರೆ ನೋಡಿದೆ ಎಂದು ಈಗ ಹೇಳಿಕೊಳ್ಳಬಹುದು. ಆಗ ನನಗೆ ಕಂಡದ್ದು ಧೂಳು ಮಾತ್ರ.

ಮಿಲ್ಲಿಗೂ ಹಳೇ ಊರಿಗೂ ನಡುವೆ ಒಂದು ಹುಣಸೆ ತೋಪಿತ್ತು. ನೇಕಾರರ ತೋಪು. ಮಗ್ಗ ಮನೆಯೊಳಗಿದ್ದರೂ ನೇಕಾರರಿಗೆ ಬಯಲಲ್ಲಿ ಮಾಡಲೇಬೇಕಾದ ಒಂದು ಕೆಲಸವಿತ್ತು. ಸೀರೆಯ ಉದ್ದದ ಎಳೆಗಳು, ಅವರು ಹಾಸು ಎನ್ನುತ್ತಿದ್ದದ್ದು, ಅದನ್ನು ಮಗ್ಗಕ್ಕೆ ಏರಿಸುವ ಮುಂಚೆ ತೋಪಿನ ಈ ತುದಿಯಿಂದ ಆ ತುದಿಯವರೆಗೆ ಎಳೆದು ಕಟ್ಟಿ, ಕವೆಗೋಲುಗಳ ಮೇಲೆ ಚಾಪೆಯಂತೆ ಹರಡಿ, ರಾಗಿ ಗಂಜಿ ಬಳಿದು, ಬೇರಿನ ದೊಡ್ಡ ಕುಂಚಗಳಿಂದ ಬಾಚಬೇಕು. ಗಂಜಿ ಒಣಗುವುದರೊಳಗೆ ಒಂದೊಂದು ಎಳೆಯೂ ಬಿಡಿಬಿಡಿಯಾಗಬೇಕು. ಬಿಸಿಲು ಬಿತ್ತೋ, ಎಳೆಗಳು ಒಂದಕ್ಕೊಂದು ಅಂಟಿ ಹಗ್ಗವಾಗುತ್ತವೆ. ತೀರಾ ಕತ್ತಲಲ್ಲೂ ಮಾಡುವಂತಿಲ್ಲ, ತುಂಡಾದ ಎಳೆ ಕಾಣಬೇಕಲ್ಲ. ಹಾಗಾಗಿ ಬೆಳಗು ಹರಿಯುವುದಕ್ಕೂ ಬಿಸಿಲು ಏರುವುದಕ್ಕೂ ನಡುವಿನ ಆ ಒಂದು ಗಂಟೆ ಅವರದು. ಅಷ್ಟರಲ್ಲಿ ಹನ್ನೆರಡು ಜೊತೆ ಕೈ ಬೇಕು. ಯಾರ ಮನೆಯಲ್ಲಿ ಹನ್ನೆರಡು ಜನರಿರುತ್ತಾರೆ? ಅದಕ್ಕೇ ಮುಯ್ಯಿ. ಇವತ್ತು ನಿನ್ನ ಹಾಸಿನಲ್ಲಿ ನನ್ನ ಕೈ, ನಾಳೆ ನನ್ನ ಹಾಸಿನಲ್ಲಿ ನಿನ್ನ ಕೈ. ಕರೆಯುವುದೂ ಇಲ್ಲ, ಥ್ಯಾಂಕ್ಸ್ ಹೇಳುವುದೂ ಇಲ್ಲ. ಮೈ ಹುಷಾರಿಲ್ಲದವನೂ ಮಗನನ್ನೋ ಮಗಳನ್ನೋ ಕಳಿಸುತ್ತಿದ್ದ.

ನಾನು ಗಿರಿಜೆಯನ್ನು ಮೊದಲು ಕಂಡದ್ದು ಅಲ್ಲೇ. ನೇಕಾರ ರುದ್ರಪ್ಪನವರ ಮಗಳು, ನನಗಿಂತ ಎರಡು ವರ್ಷ ದೊಡ್ಡವಳು. ತಾಯಿ ಇರಲಿಲ್ಲ. ಮನೆಯಲ್ಲಿ ನೂಲು ಸುತ್ತಿ ಅಭ್ಯಾಸವಿದ್ದ ಕೈಯಾದ್ದರಿಂದ ಮಿಲ್ಲಿನ ವೈಂಡಿಂಗ್ ಖಾತೆಗೆ ಸೇರಿದ್ದಳು. ಫ್ರಾಕು ತೊಟ್ಟು ಕೈಯಲ್ಲಿ ಇಂಗ್ಲಿಷ್ ಗ್ರಾಮರ್ ಹಿಡಿದು ನಿಂತಿದ್ದ ನನ್ನನ್ನು ನೋಡಿ, "ಏನಮ್ಮ ಕಾನ್ವೆಂಟಮ್ಮ, ನಿಂತ್ಕೊಂಡು ನೋಡಿದ್ರೆ ಕಾಸು ಕೊಡಬೇಕು, ಕುಂಚ ಹಿಡಿದ್ರೆ ಬಿಟ್ಟಿ" ಎಂದಳು. ನಾನು ಕುಂಚ ಹಿಡಿದೆ. ಎರಡೇ ಸಲ ಎಳೆದಿದ್ದು, ಹತ್ತು ಎಳೆ ತುಂಡಾಯಿತು.

"ಅಯ್ಯೋ ಬಿಡ್ಸೇ ಅವಳ್ನ! ಇಂಗ್ಲೀಷು ಬಾಚ್ತಾ ಇದಾಳೆ" ಎಂದು ರುದ್ರಪ್ಪ ನಕ್ಕರು. ಎತ್ತರದ ಮನುಷ್ಯ, ಸೊಂಟ ಸ್ವಲ್ಪ ಬಾಗಿತ್ತು. ಜೀವನವಿಡೀ ಹಾಸಿನ ಜೊತೆ ಹಿಂದಕ್ಕೆ ಮುಂದಕ್ಕೆ ನಡೆದವರ ನಡಿಗೆಯೇ ಬೇರೆ, ನಿಧಾನವಾಗಿ ತೇಲಿದ ಹಾಗೆ. ಹತ್ತು ಎಳೆಯನ್ನೂ ತಾವೇ ಹುಡುಕಿ, ತೊಡೆಯ ಮೇಲೆ ಹೊಸೆದು ಸೇರಿಸಿದರು. ನನ್ನನ್ನು ಬೈಯಲಿಲ್ಲ. ಮಾರನೆಯ ದಿನವೂ ಹೋದೆ.

ರುದ್ರಪ್ಪನವರಿಗೆ ಮಿಲ್ಲಿನ ಸೈರನ್ನು ಕಂಡರಾಗುತ್ತಿರಲಿಲ್ಲ. ಊರಿನವರು ಅದನ್ನು ಕೂಗು ಎನ್ನುತ್ತಿದ್ದರು. ಏಳು ಗಂಟೆಗೆ ಮೊದಲನೆಯ ಕೂಗು, ಎದ್ದು ಹೊರಡಿ ಎಂದು. ಏಳೂವರೆಗೆ ಎರಡನೆಯದು, ಅದು ಮುಗಿಯುತ್ತಿದ್ದಂತೆ ಗೇಟು ಮುಚ್ಚುತ್ತದೆ. ಹೊರಗುಳಿದವರಿಗೆ ಅವತ್ತು ಕೆಲಸವಿಲ್ಲ, ಮೂರು ಸಲ ಹೊರಗುಳಿದರೆ ಯಾವತ್ತೂ ಇಲ್ಲ. ಬಾಯ್ಲರಿನ ಅಂತೋಣಿ ನಮ್ಮ ಮುಂಗೋಣೆಯ ಕಿಟಕಿಯಲ್ಲಿ ಇಣುಕಿ ಗೋಡೆ ಗಡಿಯಾರ ನೋಡಿಕೊಂಡು ಹೋಗಿ ಹಗ್ಗ ಎಳೆಯುತ್ತಿದ್ದ. ಆ ಗಡಿಯಾರವನ್ನು ಕಾಯುವವರು ಅಪ್ಪ. ಹಾಗಾಗಿ ರುದ್ರಪ್ಪನವರ ಬಾಯಲ್ಲಿ ಸೈರನ್ನು "ನಿಮ್ಮಪ್ಪನ ಹುಂಜ."

"ಲೀಲಮ್ಮ, ನಿಮ್ಮಪ್ಪನ ಹುಂಜಕ್ಕೆ ಕಣ್ಣು ಕಾಣಲ್ವಾ? ಇನ್ನೂ ಬೆಳಕೇ ಹರ್ದಿಲ್ಲ, ಬಡ್ಕೊಳ್ತದೆ."

ಅದರಲ್ಲಿ ನ್ಯಾಯವಿತ್ತು. ಯುದ್ಧಕ್ಕೆಂದು ಸರ್ಕಾರ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಳ್ಳಿತ್ತು. ಮಿಲ್ಲಿನ ಏಳೂವರೆ ಅಂದರೆ ಸೂರ್ಯನ ಲೆಕ್ಕದಲ್ಲಿ ಆರೂವರೆಯೂ ಅಲ್ಲ. ಅಪ್ಪನ ಗಡಿಯಾರ, ರೈಲು, ತಾಲ್ಲೂಕು ಕಚೇರಿ ಎಲ್ಲ ಹೊಸ ಟೈಮಿನಲ್ಲಿದ್ದವು. ಸೂರ್ಯ, ಹಸು, ಹಾಸು ಹಳೇ ಟೈಮಿನಲ್ಲಿದ್ದವು. ಎರಡನೆಯ ಕೂಗು ಸರಿಯಾಗಿ ಹಾಸಿನ ಗಂಟೆಯ ಮಧ್ಯಕ್ಕೆ ಬಂದು ಬೀಳುತ್ತಿತ್ತು.

ಮೊದಮೊದಲು ಅದೇನೂ ತೊಂದರೆಯಾಗಲಿಲ್ಲ. ನೇಕಾರರ ಮನೆಗಳಿಂದ ಇಬ್ಬರೋ ಮೂವರೋ ಮಿಲ್ಲಿಗೆ ಹೋಗುತ್ತಿದ್ದರು. ಆದರೆ ಯುದ್ಧದ ಕಾರಣ ನೂಲಿಗೆ ಕಂಟ್ರೋಲ್ ಬಂತು, ಪರ್ಮಿಟ್ ಇದ್ದವರಿಗಷ್ಟೇ ನೂಲು. ಮಗ್ಗಗಳು ಖಾಲಿ ನಿಂತವು. ಎರಡನೆಯ ಶೆಡ್ಡು ಎದ್ದಿತು, ಆಳು ಬೇಕಿತ್ತು. ಸಂಕ್ರಾಂತಿ ಕಳೆಯುವಷ್ಟರಲ್ಲಿ ತೋಪಿಗೆ ಕೈ ಕೊಡಲು ಬರುವವರಲ್ಲಿ ಹನ್ನೆರಡಕ್ಕೆ ಎಂಟು ಜನ ಮಿಲ್ಲಿನವರು.

ಶಿವರಾತ್ರಿಯ ಆಸುಪಾಸಿನಲ್ಲಿ ಚಿಕ್ಕಣ್ಣ ಎಂಬುವವನ ಹಾಸು ನಡೆದಿತ್ತು. ಗಂಜಿ ಬಳಿದು ಅರ್ಧ ಬಾಚಿದ್ದರು. ಎರಡನೆಯ ಕೂಗು ಬಂತು. ಎಂಟು ಜನ ಒಬ್ಬರ ಮುಖ ಒಬ್ಬರು ನೋಡಿದರು. ಕುಂಚಗಳನ್ನು ಮೆತ್ತಗೆ ಕೆಳಗಿಟ್ಟರು. ಓಡಿದರು. ಗಿರಿಜೆಯೂ ಓಡಿದಳು. ಉಳಿದದ್ದು ರುದ್ರಪ್ಪ, ಚಿಕ್ಕಣ್ಣ, ಇಬ್ಬರು ಮುದುಕರು, ಕೈಗೆ ಬಾರದ ನಾನು. ಬಿಸಿಲು ಬಂದು ಹಾಸಿನ ಮೇಲೆ ಕೂತಿತು. ರುದ್ರಪ್ಪ ಈ ತುದಿಯಿಂದ ಆ ತುದಿಗೆ ಓಡಾಡಿದರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ನಿಂತರು. ಎಳೆಗಳು ಅಂಟಿ ಗಟ್ಟಿಯಾದ ಆ ಚಾಪೆಯನ್ನು ಚಿಕ್ಕಣ್ಣ ಬೆರಳಿಂದ ತಟ್ಟಿದ, ಟಕ್ ಟಕ್ ಎಂದಿತು. ಅವತ್ತು ರುದ್ರಪ್ಪ ಹುಂಜದ ಜೋಕು ಮಾಡಲಿಲ್ಲ.

ಚಿಕ್ಕಣ್ಣ ಮುಂದಿನ ವಾರ ಮಿಲ್ಲಿಗೆ ಸೇರಿದ.

ರುದ್ರಪ್ಪನವರ ಸರದಿ ಅದಾದ ಮೇಲೆ ಬಂತು. ಗಿರಿಜೆ ಸಂಜೆ ಕೆಲಸ ಬಿಟ್ಟು ನೇರ ನಮ್ಮ ಹಿತ್ತಲಿಗೆ ಬಂದಳು. ನಾನು ತುಳಸಿಕಟ್ಟೆಯ ಮೇಲೆ ಜಾಮೆಟ್ರಿ ಇಟ್ಟುಕೊಂಡು ಕೂತಿದ್ದೆ.

"ಲೇ ಲೀಲಾ, ನಾಳೆ ನಮ್ಮ ಹಾಸು ಕಣೇ."

"ಭಾನುವಾರ ಇಟ್ಕೋಬಾರ್ದಾ?"

"ಯಾವ ಭಾನುವಾರ? ನಿಮ್ಮಪ್ಪನ ಮಿಲ್ಲಿಗೆ ಭಾನುವಾರ ಅಂತ ಉಳ್ದಿದ್ಯಾ? ನೂಲು ನೆನೆಸಾಗಿದೆ. ಮದುವೆ ಸೀರೆ, ದಿನ ಇಲ್ಲ." ನನ್ನ ಪಕ್ಕದಲ್ಲಿ ಕೂತು ನನ್ನ ಕಾಂಪಾಸನ್ನು ತೆಗೆದುಕೊಂಡು ಕಲ್ಲಿನ ಮೇಲೆ ಸುಮ್ಮನೆ ವೃತ್ತ ಗೀಚಿದಳು. "ಇರೋ ನೂಲೆಲ್ಲ ಅದೇ. ಇದು ಕೆಟ್ರೆ ಇನ್ನೊಂದು ಹಾಸು ಮಾಡೋಕೆ ನೂಲಿಲ್ಲ ಮನೇಲಿ. ಪರ್ಮಿಟ್ಟಿಗೆ ನಾಳೆನೇ ಕೊನೇ ದಿನ. ಅಪ್ಪ ಎರಡನೇ ಕೂಗಿಗೆ ಹೊರಟು ರೈಲು ಹಿಡ್ದು ಬೆಂಗಳೂರಿಗೆ ಹೋಗ್ತಾರೆ. ಖುದ್ದಾಗಿ ನಿಂತು ಹೆಬ್ಬೆಟ್ಟು ಒತ್ತದೇ ಇದ್ರೆ ಹೆಸರು ಹೊಡೆದು ಹಾಕ್ತಾರಂತೆ. ಅಪ್ಪ ಹೋಗೋ ಅಷ್ಟ್ರಲ್ಲಿ ಹಾಸು ಮುಗೀಬೇಕು. ನಮ್ಮವರೆಲ್ಲ ಕೈ ಕೊಡ್ತಾರೆ, ಬರಲ್ಲ ಅನ್ನಲ್ಲ. ಆದ್ರೆ ಕೂಗು ಬಂದ್ರೆ ಓಡಲೇಬೇಕಲ್ಲೇ? ನಾನೇ ಎರಡು ಸಲ ಹೊರಗುಳ್ದಿದೀನಿ."

"ಎಷ್ಟು ಹೊತ್ತು ಸಾಲದು?"

"ಒಂದು ಕಾಲು ಗಂಟೆ." ನನ್ನ ಮುಖ ನೋಡದೆ, "ಗಡಿಯಾರಕ್ಕೆ ಕೀಲಿ ಕೊಡೋದು ನೀನೇ ಅಲ್ವಾ?" ಎಂದಳು.

ಹೌದು, ನಾನೇ. ದೀಪ ಹಚ್ಚುವ ಹೊತ್ತಿಗೆ ಸ್ಟೂಲು ಹತ್ತಿ ಕೀಲಿ ಕೊಡುವುದು ಆ ವರ್ಷ ನನ್ನ ಕೆಲಸ. ಮುಳ್ಳು ಸರಿಯಿದೆಯೇ ಎಂದು ತಮ್ಮ ಜೇಬಿನ ಗಡಿಯಾರದ ಜೊತೆ ತಾಳೆ ನೋಡುವುದು ಅಪ್ಪನ ಕೆಲಸ. ಪ್ರತಿ ಶನಿವಾರ ರೈಲ್ವೆ ಸ್ಟೇಷನ್ನಿಗೆ ನಡೆದು ಹೋಗಿ ಜೇಬಿನ ಗಡಿಯಾರವನ್ನು ಸರಿಪಡಿಸಿಕೊಂಡು ಬರುವಷ್ಟು ನಿಷ್ಠೆ. ಆದರೆ ಆ ವಾರ ಅಪ್ಪನಿಗೆ ಮಲೇರಿಯಾ. ಮೂರು ಕಂಬಳಿ ಹೊದ್ದು ಒಳಗೆ ಮಲಗಿದ್ದರು. ಅಮ್ಮ ಕಷಾಯದ ಲೋಟ ಹಿಡಿದು ಓಡಾಡುತ್ತಿದ್ದರು. ಗಡಿಯಾರದ ಕಡೆ ಯಾರೂ ನೋಡುವವರಿರಲಿಲ್ಲ.

ಕಾನ್ವೆಂಟಿನಲ್ಲಿ ಪ್ರತಿ ಸೋಮವಾರ ಮಾರಲ್ ಸೈನ್ಸ್ ಕ್ಲಾಸು. ಸುಳ್ಳು ಹೇಳುವುದು, ಕದಿಯುವುದು, ದೊಡ್ಡವರಿಗೆ ಅವಿಧೇಯರಾಗುವುದು, ಎಲ್ಲದಕ್ಕೂ ಪಾಠವಿತ್ತು. ಗಡಿಯಾರದ ಮುಳ್ಳಿನ ಬಗ್ಗೆ ಪಾಠವಿರಲಿಲ್ಲ. ಚಿಕ್ಕಣ್ಣನ ಬೆರಳಿನ ಟಕ್ ಟಕ್ ನನ್ನ ಕಿವಿಯಲ್ಲಿತ್ತು. ಸ್ಟೂಲು ಹತ್ತಿದೆ, ಕೀಲಿ ಕೊಟ್ಟೆ, ಗಾಜಿನ ಬಾಗಿಲು ಮುಚ್ಚುವ ಮುಂಚೆ ದೊಡ್ಡ ಮುಳ್ಳನ್ನು ಬೆರಳ ತುದಿಯಿಂದ ಕಾಲು ಗಂಟೆ ಹಿಂದಕ್ಕೆ ತಳ್ಳಿದೆ. ಎಷ್ಟು ಹಗುರವಾಗಿತ್ತು ಅದು! ಒಂದು ಊರನ್ನೇ ಎಬ್ಬಿಸಿ ಓಡಿಸುವ ವಸ್ತು ಅಷ್ಟು ಹಗುರವಾಗಿರಬಾರದು.

ನಾನು ಪುಣ್ಯದ ಕೆಲಸ ಮಾಡಿದ್ದೇನೆ ಎಂದೇ ಅಂದುಕೊಂಡಿದ್ದೆ. ಆನೆಸ್ಟ್ಲಿ.

ಬೆಳಿಗ್ಗೆ ತೋಪಿಗೆ ಹೋದೆ. ಮಡಕೆಯಲ್ಲಿ ಗಂಜಿ ಹುಳಿ ಬಂದು ಘಮ್ಮೆನ್ನುತ್ತಿತ್ತು. ಕೆಂಪು ನೂಲಿನ ಹಾಸು ಮರದಿಂದ ಮರಕ್ಕೆ ಹರಡಿತ್ತು, ಅಷ್ಟು ಉದ್ದದ ಕೆಂಪು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಹನ್ನೆರಡು ಜನವೂ ಬಂದಿದ್ದರು. ರುದ್ರಪ್ಪ ರೈಲಿಗೆಂದು ಒಗೆದ ಪಂಚೆ, ಕೋಟು ತಂದು ಮರದ ಕೊಂಬೆಗೆ ನೇತುಹಾಕಿ, ಬರೀ ಚೌಕ ಉಟ್ಟು ನಿಂತಿದ್ದರು.

"ಕೈ ಬೇಗ ಆಡಲಿ ಕಣ್ರಪ್ಪಾ, ಹುಂಜ ಕೂಗೋ ಹೊತ್ತಾಯ್ತು!"

"ನೀನು ಮಾತು ಕಮ್ಮಿ ಮಾಡು ರುದ್ರಣ್ಣ, ಗಂಜಿಗಿಂತ ನಿನ್ನ ಎಂಜಲೇ ಜಾಸ್ತಿ ಬೀಳ್ತಾ ಅದೆ" ಎಂದ ಚಿಕ್ಕಣ್ಣ.

ಬಾಚಿದರು, ಬಾಚಿದರು. ಕುಂಚಗಳು ಸರ್ ಸರ್ ಎಂದು ಒಂದೇ ಉಸಿರಿನಲ್ಲಿ ಹೋಗಿ ಬರುತ್ತಿದ್ದವು. ಗಿರಿಜೆ ಒಮ್ಮೆ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಬೆಳಕು ಏರಿತು, ಮಿಲ್ಲಿನ ಕೊಳವೆಯ ತುದಿಗೆ ಬಿಸಿಲು ತಾಗಿತು. ಕೂಗು ಬರಲಿಲ್ಲ. ಎಲ್ಲರ ಕಿವಿಯೂ ಆ ಕಡೆಗೇ ಇತ್ತು. ಬರಲಿಲ್ಲ. "ಇವತ್ತು ಹುಂಜಕ್ಕೆ ಕೆಮ್ಮು" ಎಂದರು ರುದ್ರಪ್ಪ. ಎಲ್ಲರೂ ನಕ್ಕರು, ಕೈ ನಿಲ್ಲಿಸದೆ. ಕೊನೆಯ ಸಲ ಈ ತುದಿಯಿಂದ ಆ ತುದಿಗೆ ಕುಂಚ ಹೋಯಿತು. ಎಳೆಗಳು ಬಿಡಿಬಿಡಿಯಾಗಿ, ಸಣ್ಣಗೆ ಮಿನುಗುತ್ತಾ ನಿಂತವು. ಕೂಗಿತು. ಒಂಬತ್ತು ಜನ ನಗುನಗುತ್ತಾ ಓಡಿದರು. ರುದ್ರಪ್ಪ ಹಾಸಿನ ಮೇಲೆ ಅಂಗೈಯನ್ನು ಒಮ್ಮೆ ಆಡಿಸಿದರು, ಮಲಗಿದ ಮಗುವಿನ ಬೆನ್ನ ಮೇಲೆ ಆಡಿಸಿದ ಹಾಗೆ. ಆಮೇಲೆ ಕೋಟು ಹಾಕಿಕೊಂಡರು.

"ಬರ್ತೀನಮ್ಮ ಲೀಲಮ್ಮ. ಕೂಗಿಗೆ ಹೊರಟ್ರೆ ರೈಲು ಸಿಗದೇ ಇರೋ ಮಾತೇ ಇಲ್ಲ."

ಆಗ ಹೊಳೆಯಿತು.

ಗಿರಿಜೆ ನಿನ್ನೆ ಹೇಳಿದ್ದಳು, ಎರಡನೇ ಕೂಗಿಗೆ ಹೊರಟು ರೈಲು ಹಿಡಿಯುತ್ತಾರೆಂದು. ನಾನು ಕೇಳಿಸಿಕೊಂಡಿದ್ದೆ. ಹೇಳಿದವಳಿಗೂ ಹೊಳೆಯಲಿಲ್ಲ, ಕೇಳಿದವಳಿಗೂ ಹೊಳೆಯಲಿಲ್ಲ. ಅವಳು ಗಡಿಯಾರ ನೋಡಲು ಕಲಿತವಳಲ್ಲ, ಅವಳಿಗೆ ಕೂಗು ಬೇರೆ, ರೈಲು ಬೇರೆ. ನನಗೇನು ಬಂದಿತ್ತು ಧಾಡಿ? ಮಿಲ್ಲಿನ ಆಚೆಗಿನ ಜನರೆಲ್ಲ ಸೂರ್ಯನನ್ನು ನೋಡಿಕೊಂಡು ಬದುಕುತ್ತಾರೆ ಎಂದು ನಾನು ನಂಬಿದ್ದೆ. ರುದ್ರಪ್ಪ ದಿನಾ ಆ ಸೈರನ್ನನ್ನು ಬೈಯುವುದನ್ನು ಕೇಳಿ ಕೇಳಿ, ಅವರಿಗೆ ಅದರ ಹಂಗಿಲ್ಲ ಎಂದುಕೊಂಡಿದ್ದೆ. ಎಂಟು ತಿಂಗಳೂ ಆಗಿರಲಿಲ್ಲ ಅದು ಕೂಗಲು ಶುರುವಾಗಿ. ಅಷ್ಟರಲ್ಲಿ ಇಡೀ ಊರು ಅದಕ್ಕೆ ಹೊಂದಿಕೊಂಡುಬಿಟ್ಟಿತ್ತು. ಮೊದಲನೇ ಕೂಗಿಗೆ ಒಲೆ ಹಚ್ಚುತ್ತಿದ್ದರು. ಎರಡನೇ ಕೂಗಿಗೆ ಮೇಷ್ಟರು ಸ್ಕೂಲಿನ ಬೀಗ ತೆಗೆಯಲು ಹೊರಡುತ್ತಿದ್ದರು. "ಮಗು ಎರಡನೇ ಕೂಗಿಗೆ ಮುಂಚೆ ಹುಟ್ತು" ಎಂದು ಸೂಲಗಿತ್ತಿ ಜೋಯಿಸರಿಗೆ ಹೇಳುತ್ತಿದ್ದಳಂತೆ. ಅವತ್ತು ಯಾವುದಾದರೂ ಮಗು ಹುಟ್ಟಿದ್ದರೆ ಅದರ ಜಾತಕ ಏನಾಯಿತೋ, ಗಾಡ್ ನೋಸ್.

"ಬೇಗ ಹೋಗಿ ರುದ್ರಪ್ಪನವರೇ" ಎಂದೆ. ಅಷ್ಟೇ ಹೇಳಿದ್ದು. ಗಡಿಯಾರ ಹಿಂದಿದೆ, ಓಡಿ ಎನ್ನಬೇಕಿತ್ತು.

ಅವರು ನಕ್ಕರು. "ಯಾಕಮ್ಮ ಗಾಬರಿ? ಕೂಗು ಈಗ ತಾನೇ ಆಯ್ತಲ್ಲ." ತಮ್ಮ ಆ ತೇಲುವ ನಡಿಗೆಯಲ್ಲಿ, ನಿಧಾನವಾಗಿ, ತೋಪು ದಾಟಿ ಹೋದರು. ಹಾಸು ಉಳಿದ ಸಂತೋಷದಲ್ಲಿ ಮಾಮೂಲಿಗಿಂತ ನಿಧಾನವಾಗಿಯೇ ಹೋದರೇನೋ.

ಯುದ್ಧದ ದಿನಗಳಲ್ಲಿ ರೈಲು ತಡವಾಗದ ದಿನವಿರಲಿಲ್ಲ. ಅವತ್ತು ಸರಿಯಾದ ವೇಳೆಗೆ ಬಂತು, ಹೋಯಿತು.

ಮಧ್ಯಾಹ್ನ ಇದ್ದಿಲು ಬಸ್ಸು ಹತ್ತಿದರಂತೆ. ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ಅದು. ಯಲಹಂಕದ ಈಚೆಯ ಏರಿನಲ್ಲಿ ಉಸಿರು ಕಟ್ಟಿ ನಿಂತಿತು. ಎಲ್ಲರೂ ಇಳಿದು ತಳ್ಳಿದರು. ಅವರು ನೂಲಿನ ಆಫೀಸು ಮುಟ್ಟುವ ಹೊತ್ತಿಗೆ ಕಿಟಕಿ ಮುಚ್ಚಿತ್ತು. ಮಾರನೆಯ ದಿನ ಅಲ್ಲೇ ಕಾದು ನಿಂತು ಕೇಳಿದರೆ, ಪಟ್ಟಿಯನ್ನು ನಿನ್ನೆಯೇ ಕಳಿಸಿಯಾಯಿತು ಎಂದರಂತೆ. ಅವರದೇನು ತಪ್ಪು? ಕೊನೆಯ ದಿನ ಅಂದರೆ ಕೊನೆಯ ದಿನ.

ಹಾಗಾಗಿ ನಾನು ಉಳಿಸಿದ ಆ ಕೆಂಪು ಹಾಸೇ ರುದ್ರಪ್ಪ ನೇಯ್ದ ಕೊನೆಯ ಹಾಸು.

ನಮ್ಮ ಮನೆಯಲ್ಲೂ ಒಂದು ನಡೆಯಿತು. ನಾನು ತೋಪಿನಿಂದ ಓಡಿಬಂದು ಮುಳ್ಳನ್ನು ಮುಂದಕ್ಕೆ ತಳ್ಳಿಟ್ಟಿದ್ದೆ. ಆದರೆ ಮ್ಯಾನೇಜರು ತಮ್ಮ ಬಂಗಲೆಯಲ್ಲಿ ವಾಚು ಹಿಡಿದುಕೊಂಡೇ ಕೂಗು ಕೇಳಿಸಿಕೊಳ್ಳುವ ಮನುಷ್ಯ. ಅಪ್ಪನಿಗೆ ಕೆಂಪು ಶಾಯಿಯ ಮೆಮೋ ಬಂತು. ಜ್ವರದಲ್ಲೇ ಎದ್ದು ಕೂತು ಓದಿದರು. ಕಂಬಳಿ ಹೊದ್ದುಕೊಂಡೇ ಮುಂಗೋಣೆಗೆ ಬಂದು ಗಡಿಯಾರ ನೋಡಿದರು, ಜೇಬಿನ ಗಡಿಯಾರ ನೋಡಿದರು. ಎರಡೂ ಒಂದೇ ಹೇಳುತ್ತಿದ್ದವು.

"ಕೀಲಿ ಕೊಡುವಾಗ ಮುಳ್ಳಿಗೆ ಕೈ ತಾಗಿತಾ ಮಗು?"

"ಇಲ್ಲಪ್ಪ."

ಅಪ್ಪ ಬಹಳ ಹೊತ್ತು ಗಡಿಯಾರವನ್ನೇ ನೋಡುತ್ತಿದ್ದರು, ನನ್ನನ್ನಲ್ಲ. ಮ್ಯಾನೇಜರಿಗೆ ತಮ್ಮ ಕೈಯಾರೆ ಉತ್ತರ ಬರೆದರು, ತಪ್ಪು ತನ್ನದೆಂದು. ಅವತ್ತಿನಿಂದ ಕೀಲಿ ಅವರ ಜೇಬಿಗೆ ಹೋಯಿತು. ಸಂಜೆ ದೀಪ ಹಚ್ಚಿದ ಮೇಲೆ ತಾವೇ ಸ್ಟೂಲು ಹತ್ತುತ್ತಿದ್ದರು, ಕಾಲು ನಡುಗುತ್ತಿದ್ದರೂ. ನಾನು ಸ್ಟೂಲು ಹಿಡಿದುಕೊಳ್ಳುತ್ತಿದ್ದೆ. ಅಷ್ಟಕ್ಕೆ ಬಿಡುತ್ತಿದ್ದರು.

ಗಿರಿಜೆಯೂ ನಾನೂ ಆ ಮಾತನ್ನು ಎತ್ತಲೇ ಇಲ್ಲ. ಒಂದು ದಿನ ಮಾತ್ರ, ಮಿಲ್ಲಿನ ನಲ್ಲಿಯ ಹತ್ತಿರ, "ಅಪ್ಪಂಗೆ ಹೇಳಬೇಡ ಕಣೇ" ಎಂದಳು. "ಹೇಳಿದ್ರೆ ನಿಮ್ಮಪ್ಪನ ಕೆಲಸ ಹೋಗ್ತದೆ. ನಂದೂ ಹೋಗ್ತದೆ. ಹೋದ ಪರ್ಮಿಟ್ಟು ಬರಲ್ಲ." ಅವಳ ಲೆಕ್ಕ ಸರಿಯಾಗಿತ್ತು. ಕೊಡ ತುಂಬಿತು, ಸೊಂಟಕ್ಕೇರಿಸಿಕೊಂಡು ಹೊರಟಳು. ಅದಾದ ಮೇಲೆ ಅವಳು ನಮ್ಮ ಹಿತ್ತಲಿಗೆ ಬರುವುದು ಕಡಿಮೆಯಾಯಿತು. ಜಗಳವೇನಿಲ್ಲ. ಒಬ್ಬರನ್ನೊಬ್ಬರು ನೋಡಿದರೆ ಇಬ್ಬರಿಗೂ ಅದೇ ನೆನಪಾಗುತ್ತಿತ್ತು, ಅಷ್ಟೇ.

ಯುಗಾದಿ ಕಳೆದು ತಿಂಗಳಾಗಿತ್ತು. ಮೂರನೆಯ ಶೆಡ್ಡಿಗೆ ಜಾಗ ಬೇಕೆಂದು ಹುಣಸೆ ತೋಪು ಕಡಿದರು. ಯಾರೂ ತಡೆಯಲಿಲ್ಲ. ಹಾಸು ಹರಡುವವರು ಉಳಿದಿದ್ದರಲ್ಲವೇ ತಡೆಯಲು? ಮರ ಬೀಳುವುದನ್ನು ನೋಡಲು ಹೋಟೆಲಿನ ಮುಂದೆ ಜನ ಟೀ ಲೋಟ ಹಿಡಿದು ನಿಂತಿದ್ದರು. ಆ ಗುಂಪಿನಲ್ಲಿ ರುದ್ರಪ್ಪನವರೂ ಇದ್ದರು, ಮಿಲ್ಲಿನ ಖಾಕಿ ಅಂಗಿ ತೊಟ್ಟು. ಸೇರಿ ಎರಡು ವಾರವಾಗಿತ್ತು. ಮಗ್ಗದ ಕೆಲಸ ಸಿಕ್ಕಿರಲಿಲ್ಲ, ಪವರ್‌ಲೂಮಿಗೆ ಅವರ ಕೈ ನಿಧಾನ ಎಂದಿದ್ದರು. ಗೋದಾಮಿನಲ್ಲಿ ಬೇಲು ಹೊರುವುದು, ಗುಡಿಸುವುದು.

ಸೇರಿದ ಹೊಸದರಲ್ಲಿ ಒಂದು ಮಧ್ಯಾಹ್ನ ನಮ್ಮ ಮನೆ ಬಾಗಿಲಿಗೆ ಬಂದು ನಿಂತರು. "ಲೀಲಮ್ಮ, ಗಡಿಯಾರ ನೋಡೋದು ಹೇಳಿಕೊಡ್ತೀಯಾ?"

ಅಮ್ಮನ ಗಂಜಿ ಸೋಸುವ ತಟ್ಟೆಯ ಮೇಲೆ ಸುಣ್ಣದಿಂದ ಹನ್ನೆರಡು ಗುರುತು ಬರೆದೆ. ಎರಡು ಕಡ್ಡಿ ಇಟ್ಟು ಹೇಳಿಕೊಟ್ಟೆ. ಸಾವಿರ ಎಳೆಯ ನಡುವೆ ತುಂಡಾದ ಒಂದನ್ನು ಹುಡುಕುತ್ತಿದ್ದ ಕಣ್ಣು ಅದು, ಎರಡು ದಿನದಲ್ಲಿ ಕಲಿತುಬಿಟ್ಟರು. ಏಳೂವರೆ ತೋರಿಸಿ ಎಂದಾಗ ಕಡ್ಡಿ ಸರಿಯಾಗಿ ಇಟ್ಟು, ಅದನ್ನೇ ಸ್ವಲ್ಪ ಹೊತ್ತು ನೋಡಿ, "ಇಷ್ಟೇನಾ?" ಎಂದರು.

ಅದಾದ ಮೇಲೆ ಅವರು ಹುಂಜ ಎಂದದ್ದನ್ನು ನಾನು ಕೇಳಲಿಲ್ಲ.

ಜೂನಿನಲ್ಲಿ ಸಿಸ್ಟರುಗಳ ಕಾಗದ ಬಂತು. ಬಾಡಿಗೆಗೆ ಒಂದು ಬಂಗಲೆ ಸಿಕ್ಕಿದೆ, ಬೋರ್ಡರುಗಳು ಬರಬಹುದು. ಅಪ್ಪನಿಗೆ ರಜೆ ಸಿಗಲಿಲ್ಲ. ಮಿಲ್ಲಿನ ಪಾರ್ಸೆಲ್ ಇಳಿಸಿಕೊಳ್ಳಲು ಅವತ್ತು ರುದ್ರಪ್ಪ ಹೇಗೂ ಸ್ಟೇಷನ್ನಿಗೆ ಹೋಗಬೇಕಿತ್ತು. ನನ್ನ ಟ್ರಂಕು ಹೊತ್ತು ನನ್ನನ್ನು ಹತ್ತಿಸಿ ಬರುವಂತೆ ಅಪ್ಪ ಅವರಿಗೆ ಹೇಳಿದರು. ರೈಲು ಎಂಟು ಗಂಟೆಗೆ. ರುದ್ರಪ್ಪ ಮೊದಲನೆಯ ಕೂಗಿಗೇ ಬಂದು ಬಾಗಿಲಲ್ಲಿ ನಿಂತರು.

"ಇಷ್ಟು ಬೇಗ ಯಾಕೆ ರುದ್ರಪ್ಪ?" ಅಮ್ಮ ಕೇಳಿದರು.

"ಇರಲಿ ತಾಯಿ. ಹೋಗಿ ಕೂತ್ಕೋತೀವಿ. ಒಂದ್ಸಲ ಬುದ್ಧಿ ಕಲ್ತಿದೀನಿ."

ದಾರಿಯಲ್ಲಿ ಎರಡನೆಯ ಕೂಗು ಬಂತು. ಹಾಸು ಬಾಚುವವರ ಆ ನಡಿಗೆ ಇನ್ನೂ ಇತ್ತು, ಆದರೆ ಬೇಗ ಬೇಗ ಇಡುತ್ತಿದ್ದರು ಹೆಜ್ಜೆ. ನಾನು ಹಿಂದೆ ಓಡಬೇಕಾಯಿತು. ಪ್ಲಾಟ್‌ಫಾರ್ಮಿನ ಕಲ್ಲು ಬೆಂಚಿನ ಮೇಲೆ ಟ್ರಂಕು ಇಳಿಸಿ, ಪಕ್ಕದಲ್ಲಿ ಕೆಳಗೆ ಕುಕ್ಕರಗಾಲಲ್ಲಿ ಕೂತರು. ಸ್ಟೇಷನ್ನಿನ ಗಡಿಯಾರ ನೋಡಿ, "ಎಂಟಕ್ಕೆ ಇಪ್ಪತ್ತು ನಿಮಿಷ" ಎಂದರು, ನನಗೆ ಪಾಠ ಒಪ್ಪಿಸುವ ಹಾಗೆ. ಸರಿಯಾಗಿತ್ತು.

ಮಳೆ ಮೋಡ ಕವಿದಿತ್ತು, ಹೊಲ ಉಳುವ ವಾಸನೆ.

"ಅವತ್ತು ನಾನೇ ತಡ ಮಾಡ್ದೆ ಕಣಮ್ಮ" ಎಂದರು, ಹಳಿಯ ಕಡೆ ನೋಡುತ್ತಾ. "ಹಾಸು ಚೆನ್ನಾಗಿ ಬಂದಿತ್ತು. ಇನ್ನೊಂದು ಸಲ ಅಂಗೈ ಆಡಿಸೋಣ ಅಂತ ಆಸೆ. ನಿಂತ್ಬಿಟ್ಟೆ. ಆಮೇಲೆ ದಾರೀಲೂ ಮೈಮರೆತು ನಡೆದೆ ಅನ್ಸತ್ತೆ. ಎಷ್ಟು ಸಲ ಲೆಕ್ಕ ಹಾಕ್ದೆ, ಎಲ್ಲಿ ಹೋಯ್ತು ಆ ಕಾಲು ಗಂಟೆ ಅಂತ. ಕೂಗು ತಪ್ಪಲ್ಲ. ನನ್ನ ಕಾಲೇ ನಿಧಾನ. ಮಿಲ್ಲಿನೋರೂ ಅದನ್ನೇ ಹೇಳಿದ್ರಲ್ಲ, ಕೈ ನಿಧಾನ ಅಂತ."

ನಮ್ಮ ಕಾನ್ವೆಂಟಿನಲ್ಲಿ ಕ್ಯಾಥೊಲಿಕ್ ಹುಡುಗಿಯರು ಶನಿವಾರ ಸಂಜೆ ಕನ್ಫೆಷನ್ನಿಗೆ ಹೋಗಿ, ಪರದೆಯ ಹಿಂದೆ ಏನೋ ಪಿಸುಗುಟ್ಟಿ, ಹಗುರವಾಗಿ ಹೊರಬರುತ್ತಿದ್ದರು. ನಾವು ಹಿಂದೂ ಹುಡುಗಿಯರು ಹೊರಗೆ ಬೆಂಚಿನ ಮೇಲೆ ಕೂತು ಕಾಯುತ್ತಿದ್ದೆವು. ನನಗೆ ಬೆಂಚಿನ ಅಭ್ಯಾಸವಷ್ಟೇ ಇದ್ದದ್ದು.

ಸ್ಟೇಷನ್ ಮಾಸ್ಟರು ಹೊರಗೆ ಬಂದು, ಗಾಡಿ ನಲವತ್ತು ನಿಮಿಷ ಲೇಟು ಎಂದು ಕೂಗಿ ಒಳಗೆ ಹೋದರು. ರುದ್ರಪ್ಪ ನಕ್ಕರು. "ನೋಡಿದ್ಯಾ, ಇವತ್ತು ಲೇಟು" ಎಂದು ಟವೆಲು ಹಾಸಿ ಸರಿಯಾಗಿ ಕೂತರು. ಜೇಬಿನಿಂದ ಎರಡು ಚಕ್ಕುಲಿ ತೆಗೆದು, ದೊಡ್ಡದನ್ನು ನನಗೆ ಕೊಟ್ಟರು. ಗಿರಿಜೆ ಕಳಿಸಿದ್ದಂತೆ.

ನಲವತ್ತು ನಿಮಿಷ ನಾನು ಆ ಚಕ್ಕುಲಿ ತಿಂದೆ.

ಶಾಲಿನಿಗೆ ಇದನ್ನೆಲ್ಲ ಹೇಳಲಿಲ್ಲ. ಅಂಬಲಿ ಬೇಕಾ ಅಜ್ಜಿ ಎಂದಳು, ಬೇಡವೆಂದೆ. ಅವರ ಫ್ಯಾಕ್ಟರಿಯಲ್ಲಿ ಸೈರನ್ ಇಲ್ಲವಂತೆ, ಗೇಟಿನಲ್ಲಿ ಬೆರಳು ಒತ್ತಿದರೆ ಮೆಷೀನೇ ಟೈಮು ಬರೆದುಕೊಳ್ಳುತ್ತದಂತೆ. "ಒಂದು ನಿಮಿಷ ಆಚೀಚೆ ಆಗಲ್ಲ ಅಜ್ಜಿ, ಯಾರೂ ಏನೂ ಮಾಡೋಕಾಗಲ್ಲ" ಎಂದಳು, ಹೆಮ್ಮೆಯಿಂದ. "ಗುಡ್, ದಟ್ ಈಸ್ ಗುಡ್" ಎಂದೆ.